‘ಅನಧಿಕೃತ ಅಭಿವೃದ್ಧಿ’ಗೆ ಊರಿನವರಿಗೆ ತಿಳಿಯುವ ಪದ ಯಾವುದು?

ಗೆಳೆಯರೇ,

‘ಅನಧಿಕೃತ ಅಭಿವೃದ್ಧಿ’ ಅನ್ನುವ ಪದದ ಬಗ್ಗೆ ಕೇಳಬೇಕಿತ್ತು. ಹೊಲಗದ್ದೆಯಲ್ಲಿ ಅನುಮತಿ ಇಲ್ಲದೆ ಏನಾದರೂ ಕಟ್ಟಿದರೆ, ಅಗೆದರೆ, ಜಮೀನನ್ನು ಬೇರೆ ಕೆಲಸಕ್ಕೆ ಬಳಸಿದರೆ ನೋಟಿಸಿನಲ್ಲಿ ಈ ಪದ ಬರುತ್ತದೆ. ಇದನ್ನೇ ಹೇಳುವ ಇನ್ನೊಂದು ಪದ ನಿಮ್ಮ ಕಡೆ ಬಳಕೆಯಲ್ಲಿದೆಯಾ?

ಶ್ರೀರಂಗಪಟ್ಟಣದ ಕಡೆಯ ರೈತರೊಬ್ಬರು ಇಂಥ ಒಂದು ನೋಟಿಸ್ ತಂದು ನನ್ನ ಹತ್ತಿರ ಓದಿಸಿದರು. ಹೆದ್ದಾರಿ ಪಕ್ಕದ ಗದ್ದೆಗೆ ಲೋಡುಗಟ್ಟಲೆ ಮಣ್ಣು ಹೊಡೆಸಿ, ಮೇಲೆ ಶೀಟು ಹಾಕಿ, ಮುಂದೆ ಕಾರು ನಿಲ್ಲಿಸಲು ಜಲ್ಲಿ ಹರಡಿ ಹೋಟೆಲ್ ಇಟ್ಟಿದ್ದಾರೆ. ಜಮೀನು ಅವರದೇ, ಪಹಣಿಯೂ ಅವರ ಹೆಸರಲ್ಲೇ ಇದೆ. ನಾನು ಆ ಎರಡು ಪದ ಓದುತ್ತಿದ್ದ ಹಾಗೇ ತಡೆದರು. “ಅಭಿವೃದ್ಧಿ ಮಾಡಿದ್ರೆ ನೋಟಿಸ್ ಕೊಡ್ತಾರಾ ಮೇಷ್ಟ್ರೇ? ನಾನೇನ್ ಯಾರ್ದಾದ್ರೂ ತೆವರಿ ಒತ್ತರಿಸಿದ್ನಾ?” (ತೆವರಿ ಅಂದರೆ ಗದ್ದೆಯ ಬದು.)

ಅವರು ಕೇಳಿದ್ದರಲ್ಲಿ ನ್ಯಾಯ ಇದೆ. ಕನ್ನಡದಲ್ಲಿ ಅಭಿವೃದ್ಧಿ ಅಂದರೆ ಒಳ್ಳೆಯದೇ. ಊರಿಗೆ ರಸ್ತೆ ಬಂದರೆ ಅಭಿವೃದ್ಧಿ, ಶಾಲೆ ಬಂದರೆ ಅಭಿವೃದ್ಧಿ. “ನಿಮ್ಮ ಮಗ ಅಭಿವೃದ್ಧಿಗೆ ಬಂದ” ಅಂದರೆ ಹರಸಿದ ಹಾಗೆ. ಆದರೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಲ್ಲಿ ಈ ಪದಕ್ಕೆ ಒಳ್ಳೆಯದು ಕೆಟ್ಟದ್ದು ಏನೂ ಇಲ್ಲ. ನೆಲದ ಮೇಲೆ, ಒಳಗೆ, ಅಡಿಯಲ್ಲಿ ಕಟ್ಟುವುದು, ಗಣಿ ತೋಡುವುದು, ಇಂಜಿನಿಯರಿಂಗ್ ಕೆಲಸ ಮಾಡುವುದು, ಜಮೀನಿನ ಅಥವಾ ಕಟ್ಟಡದ ಬಳಕೆಯನ್ನೇ ಬದಲಿಸುವುದು, ಇವೆಲ್ಲ ಅಲ್ಲಿ ‘ಅಭಿವೃದ್ಧಿ’. ಅಂದರೆ ಒಂದು ಗೋಡೆಯನ್ನೂ ಏಳಿಸದೆ, ಭತ್ತದ ಗದ್ದೆಯನ್ನು ಸುಮ್ನೆ ಕಾರು ನಿಲ್ಲಿಸುವ ಜಾಗ ಮಾಡಿದರೂ ಅದು ಅಭಿವೃದ್ಧಿಯೇ. ಇಂಗ್ಲಿಷಿನ ‘ಡೆವಲಪ್‌ಮೆಂಟ್’ಗೆ ಎಲ್ಲ ಕಡೆಯೂ ಒಂದೇ ಕನ್ನಡ ಪದ ಇಟ್ಟಿದ್ದರಿಂದ ಆದ ಗೋಜಲು ಇದು. ಅಭಿವೃದ್ಧಿ ಪ್ರಾಧಿಕಾರ ಅನ್ನುವ ಹೆಸರಿನ ಕಚೇರಿಯೇ “ಅಭಿವೃದ್ಧಿ ನಿಲ್ಲಿಸಿ” ಅಂತ ಬರೆದರೆ ಯಾರಿಗಾದರೂ ನಗು ಬರುತ್ತದೆ ಅಲ್ವಾ?

ಹಾಗಾದರೆ ‘ಒತ್ತುವರಿ’ ಅನ್ನೋಣವಾ? ಸುದ್ದಿಗಳಲ್ಲಿ ಎಲ್ಲಕ್ಕೂ ಅದನ್ನೇ ಬಳಸುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಒತ್ತುವರಿ ಆಗಬೇಕಾದರೆ ಒತ್ತಿಸಿಕೊಳ್ಳುವ ಇನ್ನೊಬ್ಬರು ಇರಬೇಕು. ಪಕ್ಕದವರ ತೆವರಿ, ಕೆರೆಯಂಗಳ, ಗೋಮಾಳ, ಖರಾಬು (ಸಾಗುವಳಿಗೆ ಬಾರದ ಜಾಗ), ನಾಲೆ ಏರಿ, ಇವುಗಳನ್ನು ಒತ್ತರಿಸಬಹುದು. ತನ್ನದೇ ಹಿಡುವಳಿ ಜಮೀನನ್ನು ತಾನೇ ಒತ್ತುವರಿ ಮಾಡುವುದು ಹೇಗೆ? ನಮ್ಮ ಕಡೆ ಗದ್ದೆ ಕೆಲಸ ಬಲ್ಲವರು ಈ ವ್ಯತ್ಯಾಸವನ್ನು ಚೆನ್ನಾಗಿ ಇಟ್ಟುಕೊಂಡಿದ್ದಾರೆ, ಕಳೆದುಕೊಂಡಿರುವುದು ನಾವು ಬರೆಯುವವರೇ. ಕಾನೂನಿನಲ್ಲೂ ದಾರಿ ಬೇರೆ ಬೇರೆ. ಸರ್ಕಾರಿ ಜಮೀನಿನ ಒತ್ತುವರಿ ಆದರೆ ತಹಶೀಲ್ದಾರರು ತೆರವು ಮಾಡಿಸುತ್ತಾರೆ. ತನ್ನ ಜಮೀನನ್ನೇ ಭೂಪರಿವರ್ತನೆಯ ಅನುಮತಿ ಇಲ್ಲದೆ ಕೃಷಿಯೇತರ ಕೆಲಸಕ್ಕೆ ಬಳಸಿದ್ದರೆ 1964ರ ಭೂಕಂದಾಯ ಕಾಯ್ದೆಯ 95 ಮತ್ತು 96ನೇ ಕಲಂ ಬರುತ್ತವೆ. ಪದ ತಪ್ಪಿದರೆ, ನೋಟಿಸ್ ಬಂದವರು ಸರ್ವೆಯವರನ್ನು ಕರೆಸಿ ಹದ್ದುಬಸ್ತು (ಗಡಿ ಗುರುತು) ಮಾಡಿಸಲು ಓಡಾಡುತ್ತಾರೆ. ಅಳತೆ ಸರಿಯಾಗಿಯೇ ಬರುತ್ತದೆ, ನೋಟಿಸ್ ಹಾಗೇ ಉಳಿಯುತ್ತದೆ.

‘ಅಕ್ರಮ’ ಇನ್ನೊಂದು. ಬೈಯುವುದಕ್ಕೆ ಗಟ್ಟಿ ಪದವೇ. ಆದರೆ ಶುಲ್ಕ ಕಟ್ಟಿಸಿಕೊಂಡು ಒಪ್ಪಿಕೊಳ್ಳುವ ‘ಅಕ್ರಮ-ಸಕ್ರಮ’ ಯೋಜನೆ ಬಂದಮೇಲೆ ಅದರ ಹಲ್ಲು ಉದುರಿದೆ. ಇವತ್ತಿನ ಅಕ್ರಮ ನಾಳಿನ ಸಕ್ರಮ ಅನ್ನುವ ಭರವಸೆ ಅದಕ್ಕೆ ಅಂಟಿಕೊಂಡಿದೆ. ನಗರ ಪ್ರದೇಶದ ಕಟ್ಟಡಗಳ ಅಕ್ರಮ-ಸಕ್ರಮಕ್ಕೆ 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟರೂ ಮಾತಿನಲ್ಲಿ ಆ ಭರವಸೆ ಹೋಗಿಲ್ಲ. ಇದಕ್ಕಿಂತ ‘ಬಗರ್ ಹುಕುಂ’ ನನಗೆ ಇಷ್ಟ. ಪಾರಸಿ ಕಡೆಯಿಂದ ಬಂದದ್ದು. ಹುಕುಂ ಇಲ್ಲದೆ, ಅಷ್ಟೇ ಅರ್ಥ. ಬೈಗುಳವೂ ಇಲ್ಲ, ಹೊಗಳಿಕೆಯೂ ಇಲ್ಲ. ತೊಂದರೆ ಏನೆಂದರೆ ಅದು ಸರ್ಕಾರಿ ಜಮೀನಿನ ಸಾಗುವಳಿಗೇ ಅಂಟಿಹೋಗಿದೆ. ಸ್ವಂತ ಜಮೀನಿನ ಹೋಟೆಲಿಗೆ ‘ಬಗರ್ ಹುಕುಂ’ ಅಂದರೆ ಯಾರೂ ಒಪ್ಪುವುದಿಲ್ಲ.

ಎಲ್ಲಕ್ಕಿಂತ ಜಾಸ್ತಿ ತೊಡಕಿನ ಪದ ಅಂದರೆ ‘ಕಂದಾಯ’. ಮೈಸೂರಿನ ರಿಂಗ್ ರಸ್ತೆ ದಾಟಿದರೆ ‘ಕಂದಾಯ ಸೈಟು’, ‘ಕಂದಾಯ ಬಡಾವಣೆ’, ‘ರೆವಿನ್ಯೂ ಸೈಟು’ ಅನ್ನುವ ಮಾತು ಕಿವಿಗೆ ಬೀಳುತ್ತದೆ. ಪರಿವರ್ತನೆ ಆಗದ, ನಕ್ಷೆ ಮಂಜೂರಾಗದ ಕೃಷಿ ಜಮೀನನ್ನು ತುಂಡು ಮಾಡಿ ಮಾರಿದ್ದು ಅಂತ ಅರ್ಥ. ಆದರೆ ಕೇಳುವವರಿಗೆ ಸರ್ಕಾರಕ್ಕೆ ಕಂದಾಯ ಕಟ್ಟುವ ಸೈಟು, ಅಂದರೆ ಗಟ್ಟಿ ಸೈಟು ಅನಿಸುತ್ತದೆ. ಅದೇ ‘ಕಂದಾಯ ಗ್ರಾಮ’ ಅಂದರೆ ನೋಡಿ, ಪೂರ್ತಿ ಉಲ್ಟಾ. ದಾಖಲೆಯೇ ಇಲ್ಲದಿದ್ದ ಹಟ್ಟಿ, ತಾಂಡ, ಹಾಡಿಗಳನ್ನು ಸರ್ಕಾರ ಊರು ಅಂತ ಒಪ್ಪಿಕೊಂಡರೆ ಅದು ಕಂದಾಯ ಗ್ರಾಮ. ಬಡಾವಣೆಯ ಮುಂದೆ ಬಂದರೆ ಮಾನ್ಯತೆ ಇಲ್ಲ, ಗ್ರಾಮದ ಮುಂದೆ ಬಂದರೆ ಮಾನ್ಯತೆ ಇದೆ! ಪಂಚಾಯಿತಿಗೆ ಮನೆ ಕಂದಾಯ ಕಟ್ಟಿದ ರಸೀದಿಯನ್ನು ಅನುಮತಿ ಪತ್ರ ಅಂದುಕೊಂಡವರೂ ಇದ್ದಾರೆ. ಕಂದಾಯ ಕಟ್ಟಿದ ಮಾತ್ರಕ್ಕೆ ಅನುಮತಿ ಸಿಕ್ಕಿದ ಹಾಗಲ್ಲ. ಇದನ್ನು ಬಿಡಿಸಿ ಹೇಳುವಷ್ಟರಲ್ಲಿ ಸಾಕಾಗುತ್ತದೆ.

ಈ ಗೊಂದಲದಿಂದ ಪಾರಾಗಲು ಜನ ಒಂದು ಉಪಾಯ ಕಂಡುಕೊಂಡಿದ್ದಾರೆ. ಅಂಕಿಯನ್ನೇ ಪದ ಮಾಡಿಬಿಟ್ಟಿದ್ದಾರೆ. “ನಮ್ಮದು ಹನ್ನೊಂದು ಬಿ” ಅಂದರೆ ಇ-ಸ್ವತ್ತಿನಲ್ಲಿ (ಪಂಚಾಯಿತಿ ಆಸ್ತಿಗಳ ಗಣಕ ದಾಖಲೆ) ಸಿಕ್ಕ ನಮೂನೆ ಯಾವುದು, ಆಸ್ತಿಯ ಹಣೆಬರಹ ಏನು ಅಂತ ತಿಳಿಯುತ್ತದೆ. “94ಸಿ ಮನೆ” ಅಂದರೆ ಹಳ್ಳಿಯ ಸರ್ಕಾರಿ ಜಾಗದಲ್ಲಿ ಕಟ್ಟಿ, ಭೂಕಂದಾಯ ಕಾಯ್ದೆಯ ಆ ಕಲಂನಡಿ ಸಕ್ರಮಕ್ಕೆ ಅರ್ಜಿ ಹಾಕಿದ ಮನೆ. “ಐವತ್ತೇಳು ಹಾಕಿದ್ದೀನಿ” ಅಂದರೆ ನಮೂನೆ 57ರ ಬಗರ್ ಹುಕುಂ ಅರ್ಜಿ. ನಿಘಂಟಿನಲ್ಲಿ ಇವು ಸಿಗಲ್ಲ, ತಾಲ್ಲೂಕು ಕಚೇರಿಯ ಮುಂದಿನ ಟೀ ಅಂಗಡಿಯಲ್ಲಿ ದಿನವೂ ಸಿಗುತ್ತವೆ.

ಪರಿವರ್ತನೆಗೂ ಹಾಗೇ. ಕಾಗದದಲ್ಲಿ ‘ಭೂಪರಿವರ್ತನೆ’, ‘ಅನ್ಯಕ್ರಾಂತ’. ಬಾಯಲ್ಲಿ ‘ಅಲಿನೇಷನ್’, ‘ಡಿಸಿ ಕನ್ವರ್ಷನ್’. ಹುಬ್ಬಳ್ಳಿ, ಬೆಳಗಾವಿ ಕಡೆ ಇದನ್ನೇ ‘ಎನ್‌ಎ’ (ನಾನ್ ಅಗ್ರಿಕಲ್ಚರ್) ಅನ್ನುತ್ತಾರೆ. ಕೊನೆಗೆ ಆ ರೈತರಿಗೆ ನಾನು “ಕನ್ವರ್ಷನ್ ಆಗದೆ ಹೋಟೆಲ್ ಮಾಡಿದ್ದೀರ, ಅದಕ್ಕೆ ನೋಟಿಸ್” ಅಂದೆ. ತಕ್ಷಣ ತಿಳಿಯಿತು. ಆಮೇಲೆ ಅವರು ಕೇಳಿದ್ದು ‘ತೋಟದ ಮನೆ’ ಅಂತ ತೋರಿಸಬಹುದಾ ಅಂತ. ಅದೂ ಆಗಲ್ಲ. ರೈತ ತನ್ನ ಜಮೀನಿನಲ್ಲಿ ಪರಿವರ್ತನೆ ಇಲ್ಲದೆ ತೋಟದ ಮನೆ ಕಟ್ಟಿಕೊಳ್ಳಬಹುದು ನಿಜ. ಆದರೆ ಹಿಡುವಳಿಯ ಶೇ 10ನ್ನು ಮೀರುವಂತಿಲ್ಲ, ವ್ಯಾಪಾರಕ್ಕೆ ಕೊಡುವಂತಿಲ್ಲ.

ನನ್ನ ಅಂದಾಜಿಗೆ ‘ಅಭಿವೃದ್ಧಿ’ಯನ್ನು ಒಡೆದು ಎರಡು ಮಾಡುವುದೇ ವಾಸಿ. ಕಟ್ಟಿದ್ದಕ್ಕೆ ‘ಅನುಮತಿ ಇಲ್ಲದ ಕಟ್ಟಡ’. ಕಟ್ಟದೆ ಬಳಕೆ ಬದಲಿಸಿದ್ದಕ್ಕೆ ‘ಅನುಮತಿ ಇಲ್ಲದ ಬಳಕೆ’. ಉದ್ದ ಆಯ್ತು ಅನ್ನಬಹುದು. ಆದರೂ ಓದಿದವರಿಗೆ ತಾನು ಏನು ಮಾಡಿದ್ದಕ್ಕೆ ನೋಟಿಸ್ ಬಂತು ಅಂತ ಗೊತ್ತಾಗುತ್ತದೆ. ಮಣ್ಣು ತುಂಬಿಸುವುದು, ಇಟ್ಟಿಗೆ ಗೂಡಿಗೆ ಮಣ್ಣು ತೆಗೆಯುವುದು ಯಾವ ಗುಂಪಿಗೆ ಸೇರಬೇಕು ಅನ್ನುವುದರಲ್ಲಿ ಮಾತ್ರ ನನಗೆ ಇನ್ನೂ ಗೊಂದಲ ಇದೆ.

‘ಜಾರಿ’ ಬಗ್ಗೆಯೂ ಒಂದು ಮಾತು. ನೋಟಿಸ್ ತಲುಪಿಸಿದರೂ ಜಾರಿ, ಅದರಲ್ಲಿ ಬರೆದದ್ದನ್ನು ಮಾಡಿಸಿದರೂ ಜಾರಿ. ಹಾಗಾಗಿ “ಜಾರಿ ಆಗಿದೆ” ಅಂದರೆ ಕಾಗದ ಕೈಸೇರಿತಾ, ಕಟ್ಟಡ ಬಿತ್ತಾ ಗೊತ್ತಾಗುವುದಿಲ್ಲ. ಕೋರ್ಟಿನಲ್ಲಿ ಎರಡನೆಯದಕ್ಕೆ ‘ಅಮಲ್ಜಾರಿ’ ಇದೆ. ಹಳೇ ಮೈಸೂರಿನಲ್ಲಿ ತಹಶೀಲ್ದಾರರನ್ನು ಅಮಲ್ದಾರರು ಅಂತಿದ್ದರಲ್ಲ, ಆ ‘ಅಮಲು’ ಇದೇ. ಅದನ್ನು ಇಲ್ಲಿಗೂ ತರಬಹುದಾ? ಕುಡಿದ ಅಮಲು ಅಡ್ಡ ಬರುತ್ತದಾ?

ಒಂದು ಪಂಚಾಯಿತಿಯ ಗೋಡೆಗೆ ಅಂಟಿಸಲು ಒಂದು ಪುಟದ ತಿಳುವಳಿಕೆ ಹಾಳೆ ಬರೆಯುತ್ತಿದ್ದೇನೆ. ಹೊಸದಾಗಿ ಟಂಕಿಸಿದ ಪದ ಬೇಡ. ಕರಾವಳಿ, ಮಲೆನಾಡು, ಕಲ್ಯಾಣ ಕರ್ನಾಟಕದ ಕಡೆ ಜನ ಬಾಯಲ್ಲಿ ಏನು ಅನ್ನುತ್ತಾರೋ ಅದನ್ನು ಒಂದು ವಾಕ್ಯದ ಜೊತೆ ಬರೆದು ತಿಳಿಸಿ.