ಅಟ್ಟದಲ್ಲಿ ಚಿಕ್ಕಂದಿನ ಪುಸ್ತಕ ಸಿಕ್ತು, ರಿಪೇರಿ ಮಾಡಿಸ್ಲಾ ಬೇರೆ ತಗೊಳ್ಲಾ? ಅನುಭವ ಇದ್ದೋರು ಹೇಳಿ

ನಾಪೋಕ್ಲು_ಹುಡುಗಿ:
ಎಲ್ರಿಗೂ ನಮಸ್ಕಾರ. ಹುತ್ತರಿ ಹಬ್ಬಕ್ಕೆ ಅಂತ ತವರು ಮನೆ ಗುಡಿಸ್ತಿರ್ಬೇಕಾದ್ರೆ ಅಟ್ಟದ ಟ್ರಂಕಲ್ಲಿ ನಾನು ಮೂರನೇ ಕ್ಲಾಸಲ್ಲಿ ಎದೆಗವಚ್ಕೊಂಡು ಮಲಗ್ತಿದ್ದ ಪುಸ್ತಕ ಸಿಕ್ತು. ಕನ್ನಡದ್ದೇ, ಆದ್ರೆ ಮಾಸ್ಕೋದಲ್ಲಿ ಅಚ್ಚಾಗಿದ್ದು, ಕರಡಿ, ತೋಳ, ಕೋಳಿಕಾಲಿನ ಗುಡಿಸಲಲ್ಲಿ ಇರೋ ಮುದುಕಿ, ಗೊತ್ತಲ್ಲ. ಏಣಿ ಮೇಲೇ ಕೂತು ಅರ್ಧ ಓದ್ಬಿಟ್ಟೆ. ಬೆನ್ನು ಕಿತ್ತೋಗಿದೆ, ಬೂಷ್ಟು ಹಿಡ್ದಿದೆ, ನಡುವಿನ ನಾಲ್ಕು ಬಣ್ಣದ ಹಾಳೆ ಒಂದಕ್ಕೊಂದು ಅಂಟ್ಕೊಂಡಿದೆ. ಮಗಳಿಗೆ ಜನವರಿಲಿ ಆರು ತುಂಬುತ್ತೆ, ಅವಳ ಕೈಗೆ ಕೊಡೋ ಆಸೆ. ಬೈಂಡಿಂಗಿಗೆ ಕೊಡ್ಲಾ? ಒಬ್ರು ಇದೇ ಪುಸ್ತಕಕ್ಕೆ 1,800 ಕೇಳ್ತಿದಾರೆ, ಅದನ್ನೇ ತಗೊಳ್ಲಾ? ಮುಖ್ಯ ಆ ಅಂಟಿದ ಹಾಳೆ ಬಿಡಿಸೋದು ಹೇಗೆ ಹೇಳಿ.

ಸೋಮವಾರಪೇಟೆ_ಬಾಲು:
ಬೈಂಡಿಂಗಿಗೆ ಮಾತ್ರ ಕೊಡ್ಬೇಡಿ. ಅಪ್ಪ 1978ರಿಂದ 84ರ ತನಕ ತರಿಸಿದ್ದ ಚಂದಮಾಮ, ಏಳು ವರ್ಷದ್ದು, ಒಂದು ತಿಂಗಳೂ ತಪ್ಪಿರ್ಲಿಲ್ಲ, ನಾನು ಕೆಲ್ಸ ಅಂತ ಮಂಗಳೂರು ಸೇರಿ ಮರ್ತೇ ಬಿಟ್ಟಿದ್ದೆ, ಅಪ್ಪ ಹೋದ್ಮೇಲೆ ಗೊಬ್ಬರದ ಚೀಲದಲ್ಲಿ ಸಿಕ್ತು. ಒಂದು ವರ್ಷದ ಕಟ್ಟಿಗೆ 220ರಂತೆ ಏಳಕ್ಕೆ 1,540, ಬೆನ್ನಿಗೆ ಕ್ಯಾಲಿಕೋ ಬಟ್ಟೆ ಅಂತ 280, ಚಿನ್ನದ ಅಕ್ಷರಕ್ಕೆ 350, ಇವತ್ತು ಬನ್ನಿ ನಾಳೆ ಬನ್ನಿ ಅಂತ ನಾಲ್ಕು ಸಲ ಅಲೆಸಿದ ಬಸ್ ಚಾರ್ಜೆಲ್ಲ ಸೇರಿ 2,500ರ ಹತ್ರ ಬಂತು. ಮನೆಗೆ ತಂದು ಬಿಚ್ಚಿದ್ರೆ ಮೂರೂ ಕಡೆ ಮಷೀನಲ್ಲಿ ಕತ್ತರಿಸಿದಾನೆ! ಬೇತಾಳನ್ನ ಹೊತ್ಕೊಂಡ ವಿಕ್ರಮನ ಕತ್ತಿಗೆ ತುದಿನೇ ಇಲ್ಲ. ಆ ಚಿತ್ರ ಬರೆದ ಶಂಕರ್ 2020ರಲ್ಲಿ ತೀರ್ಕೊಂಡಾಗ ಎಲ್ಲ ಕಡೆ ಅದೇ ಚಿತ್ರ ಪೂರ್ತಿ ಕತ್ತಿ ಸಮೇತ ಬಂತು, ನನ್ ಹೊಟ್ಟೆ ಎಷ್ಟು ಉರೀತು ಅಂದ್ರೆ. ಬಣ್ಣದ ಕವರೆಲ್ಲ ಕಿತ್ತು ಬಿಸಾಕಿದಾನೆ. ಕೇಳಿದ್ರೆ ಕಥೆ ಒಳಗೆ ಇದ್ಯಲ್ಲ ಸಾರ್ ಅಂತಾನೆ.

ಮಕ್ಕಂದೂರಮ್ಮ:
ಕತ್ತಿ ತುದಿ ಹೋಯ್ತು ಅಂತ ಅಳ್ತೀರಲ್ಲ ಬಾಲು ಅವ್ರೆ, ನಮ್ಗೆ 2018ರ ಆಗಸ್ಟಲ್ಲಿ ಮನೆ ಹಿಂದಿನ ಬರೆನೇ, ಅಂದ್ರೆ ಗುಡ್ಡದ ಇಳಿಜಾರೇ, ಜಾರಿ ಬಂದು ಒಳಗೆ ಕೂತ್ಕೊಳ್ತು. ಪಾತ್ರೆ, ಕೋವಿ, ಫೋಟೋ ಎಲ್ಲ ಹೋಯ್ತು, ಅದ್ಕೆಲ್ಲ ಲೆಕ್ಕ ಬರ್ಕೊಂಡ್ರು, ಅಜ್ಜಿ ಕೊಡಿಸಿದ್ದ ಮಕ್ಕಳ ರಾಮಾಯಣ ಹೋಯ್ತು ಅಂದಿದ್ದಕ್ಕೆ ಬರ್ಕೊಳೋ ಹುಡುಗ ಪೆನ್ನೇ ಎತ್ಲಿಲ್ಲ. ಹೊಸ ರಾಮಾಯಣ 90 ಕೊಟ್ಟು ತಂದೆ, ಕಂಪ್ಯೂಟರ್ ಚಿತ್ರ, ರಾಮ ಜಿಮ್ಮಿಗೆ ಹೋಗೋನ ಥರ ಇದಾನೆ. ಆಮೇಲೆ ಬೆಂಗಳೂರು ಅವೆನ್ಯೂ ರೋಡಲ್ಲಿ ಭಾನುವಾರ ಫುಟ್‌ಪಾತಲ್ಲಿ ಹಳೇ ಪುಸ್ತಕ ಹಾಕ್ತಾರಲ್ಲ, ಮೂರು ಸಲ ಹೋಗಿ ಹುಡುಕಿ, 650 ಅಂದಿದ್ದನ್ನ 500ಕ್ಕೆ ಇಳ್ಸಿ ತಂದೆ. ಅದ್ರಲ್ಲಿ ಯಾವನೋ ಹುಡುಗನ ಹೆಸ್ರು, 5ನೇ ತರಗತಿ ಬಿ ವಿಭಾಗ ಅಂತ, ಹನುಮಂತನಿಗೆ ಕನ್ನಡಕ ಬೇರೆ ಬರ್ದಿದಾನೆ, ಬಾಲ್‌ಪೆನ್ನಲ್ಲಿ. ಅಳ್ಸೋಕೆ ಹೋಗಿ ಹಾಳೆ ತೂತಾಯ್ತು. ಈಗ ನನ್ ಮಗ ಕನ್ನಡಕ ಇಲ್ದಿರೋ ಹನುಮಂತನ್ನ ನೋಡಿದ್ರೆ ಇದು ಡೂಪ್ಲಿಕೇಟ್ ಅಂತಾನೆ. ಬೇರೆ ಸಿಕ್ರೆ ತಗೊಳಮ್ಮ, ಇರೋದನ್ನ ನೆಚ್ಕೋಬೇಡ.

ಬೈಂಡರ್_ಮಗ_ವಿರಾಜಪೇಟೆ:
ಬಾಲು ಅಣ್ಣ, ನಿಮ್ ಕೆಲ್ಸ ಮಾಡಿದೋರು ಯಾರೋ ನಂಗೊತ್ತಿಲ್ಲ, ಆದ್ರೆ ಇಡೀ ಕಸುಬಿಗೆ ಬೈಬೇಡಿ. ಚಂದಮಾಮ ಪಿನ್ ಹೊಡ್ದಿದ್ದು, ಪಿನ್ ತುಕ್ಕು ಹಿಡ್ದು ನಡು ಹಾಳೆ ತಿಂದಿರುತ್ತೆ, ಅಂಚು ಹುಳ ತಿಂದಿರುತ್ತೆ, ಕಟಿಂಗ್ ಕೊಡ್ದೆ ಹೇಗೆ? ನಮ್ಮಪ್ಪ ಮೂವತ್ತು ವರ್ಷ ಕೈಹೊಲಿಗೆ ಹಾಕಿದೋರು. ಮೈದಾ ಅಂಟು ಕಾಯಿಸ್ಬೇಕಾದ್ರೆ ಚಿಟಿಕೆ ಮೈಲುತುತ್ತು (ಕಾಪರ್ ಸಲ್ಫೇಟ್) ಹಾಕೋರು, ಹುಳ ಹತ್ರ ಸುಳೀತಿರ್ಲಿಲ್ಲ. ಈಗ ಫೆವಿಕಾಲ್ ಬಳ್ದು ಕೊಡ್ತಾರೆ, ಎರಡು ಮಳೆಗಾಲಕ್ಕೆ ಬೆನ್ನು ಬಿರೀತದೆ. ಅಂಚು ಕತ್ತರಿಸ್ಬೇಡಿ ಅಂತ ನೀವು ಬಾಯಿಬಿಟ್ಟು ಹೇಳಿದ್ರಾ?

ಸೋಮವಾರಪೇಟೆ_ಬಾಲು:
ಕಟಿಂಗ್ ಶಾಪಿಗೆ ಹೋಗೋನು ಕೂದ್ಲು ಕತ್ತರಿಸಪ್ಪ, ಕಿವಿ ಬಿಡಪ್ಪ ಅಂತ ಹೇಳ್ಬೇಕಾ?

ಭಾಗಮಂಡಲ_ತಾತ:
ಬೂಷ್ಟಿಗೆ ಹೊಗೆಗಿಂತ ಮದ್ದಿಲ್ಲ. ಕಕ್ಕಡದ ಮಳೆ ತಿಂಗಳಲ್ಲಿ ನಮ್ಮಲ್ಲಿ ಗೋಡೆನೇ ಬೆವರ್ತದೆ, ಬೀರುಲಿ ಇಟ್ಟ ಬಟ್ಟೆ ಹಸಿರಾಗ್ತದೆ, ಆದ್ರೆ ಒಲೆ ಮೇಲಿನ ಅಟ್ಟದಲ್ಲಿ ಇಟ್ಟಿದ್ದ ನನ್ನ ಪುಸ್ತಕಗಳು 60 ವರ್ಷದಿಂದ ಗಟ್ಟಿ ಇವೆ. ಬಣ್ಣ ಕಾಫಿ ಡಿಕಾಕ್ಷನ್ ಆಗಿದೆ, ಅಷ್ಟೇ. ಬೆಂಗಳೂರಿಗೆ ಮೊಮ್ಮಗನಿಗೆ ಅಂತ ಒಂದು ತಗೊಂಡ್ಹೋದೆ, ಸೊಸೆ ಮೂಗು ಮುಚ್ಕೊಂಡು ಬಾಲ್ಕನಿಲಿಟ್ಳು. ಒಣಹಂದಿಮಾಂಸಕ್ಕೆ ಅದೇ ಹೊಗೆ ವಾಸ್ನೆ ಬೇಕು, ಪುಸ್ತಕಕ್ಕೆ ಬೇಡ್ವಂತೆ.

ಕುಶಾಲನಗರ_ಸ್ಕ್ಯಾನ್:
ಇಷ್ಟೆಲ್ಲ ಯಾಕೆ, ಫೋನಲ್ಲಿ ಸ್ಕ್ಯಾನ್ ಮಾಡಿ ಕಲರ್ ಪ್ರಿಂಟ್ ತೆಗ್ಸಿ. ನಾನು 312 ಪುಟ ಮಾಡಿದೀನಿ, ರಾತ್ರಿ ಹತ್ತು ಪುಟದಂತೆ ಒಂದು ತಿಂಗ್ಳು, ಬೆರಳು ಕಾಣೋ 14 ಪುಟ ಮತ್ತೆ ತೆಗ್ದೆ. ಆಮೇಲೆ ಹಾರ್ಡ್‌ಡಿಸ್ಕ್ ಹೋಯ್ತು, ಡೇಟಾ ತೆಗ್ಸೋಕೆ 6,000 ಕೇಳಿದ್ರು, ಕೊಟ್ಟೆ. 40 ಪುಟ ಬರ್ಲೇ ಇಲ್ಲ.

ಮಕ್ಕಂದೂರಮ್ಮ:
6,000ಕ್ಕೆ ನಂಗೆ 12 ರಾಮಾಯಣ ಬರ್ತಿತ್ತು.

ಬೈಂಡರ್_ಮಗ_ವಿರಾಜಪೇಟೆ:
ಸ್ಕ್ಯಾನ್ ತಮ್ಮ, ಬರೆದೋರು ತೀರ್ಕೊಂಡು 60 ವರ್ಷ ಆಗೋ ತನಕ ಕಾಪಿರೈಟ್ ಇರುತ್ತೆ, ಮನೇಲಿ ಇಟ್ಕೋ, ಎಲ್ರಿಗೂ ಹಂಚಬೇಡ.

ಗೋಣಿಕೊಪ್ಪ_ಮೆಣಸು:
ಪುಸ್ತಕಕ್ಕೆ ಮೈಲುತುತ್ತು?? ವಿಷ ಅಲ್ವಾ ಮಾರಾಯ್ರೆ. ಮಕ್ಕಳು ಬೆರಳು ನೆಕ್ಕಿ ಪುಟ ತಿರುಗಿಸ್ತವೆ. ನಾನು ಮೆಣಸಿನ ಬಳ್ಳಿಗೆ ಬೋರ್ಡೋ ದ್ರಾವಣ ಹೊಡ್ಯೋ ಆಳುಗಳಿಗೇ ಗ್ಲೌಸ್ ಕೊಡ್ತೀನಿ.

ಬೈಂಡರ್_ಮಗ_ವಿರಾಜಪೇಟೆ:
ಅಂಟು ಇರೋದು ಬೆನ್ನಿನ ಒಳಗೆ ಸ್ವಾಮಿ, ಪುಟದ ಮೇಲಲ್ಲ. ನಿಮ್ ಬೋರ್ಡೋನೂ ಅದೇ ಮೈಲುತುತ್ತು, ಆ ಮೆಣಸು ನಾವು ತಿಂತಿಲ್ವಾ?

ಗೋಣಿಕೊಪ್ಪ_ಮೆಣಸು:
ನಾನು 1 ಕೆಜಿ ಮೈಲುತುತ್ತು, 1 ಕೆಜಿ ಸುಣ್ಣ, 100 ಲೀಟರ್ ನೀರು, ಲೆಕ್ಕ ತಪ್ಪಲ್ಲ. ಮಳೆಗೆ ಮುಂಚೆನೇ ಹೊಡ್ದೆ. ಆದ್ರೂ ಈ ಸಲ ಸೊರಗು ರೋಗಕ್ಕೆ 140 ಬಳ್ಳಿ ಹೋಯ್ತು. ಆಳಿನ ಕೂಲಿ, ಪೆಟ್ರೋಲು ಎಲ್ಲ ಸೇರಿ 38,000 ನೀರಲ್ಲಿ ಹೋಮ.

ಭಾಗಮಂಡಲ_ತಾತ:
ಸುಣ್ಣ ಯಾವ್ದು ಹಾಕಿದಿ? ಗಾಳಿಗೆ ಬಿಟ್ಟು ಪುಡಿಯಾದ ಸುಣ್ಣ ಆದ್ರೆ 1 ಕೆಜಿ ಸಾಲದು.

ನಾಪೋಕ್ಲು_ಹುಡುಗಿ:
ಅಣ್ಣಂದಿರಾ, ತಾತ, ಅಂಟಿದ ಹಾಳೆ ಬಗ್ಗೆ ಯಾರಾದ್ರೂ...

ಬೈಂಡರ್_ಮಗ_ವಿರಾಜಪೇಟೆ:
ಎಳೀಬೇಡಿ ಅಕ್ಕ. ನುಣುಪು ಕಾಗದ ಒದ್ದೆಯಾಗಿ ಅಂಟಿ ಒಣಗಿದ್ರೆ ಅಪ್ಪನ ಕೈಲೂ ಆಗ್ತಿರ್ಲಿಲ್ಲ. ಎಳೆದ್ರೆ ಚಿತ್ರ ಎದುರು ಹಾಳೆಗೆ ಹೋಗುತ್ತೆ. ಉಳಿದಿದ್ದಕ್ಕೆ ಕೈಹೊಲಿಗೆ ಹಾಕ್ಸಿ, ಬೂಷ್ಟು ನೆರಳಲ್ಲಿ ಒಣಗಿಸಿ ಮನೆ ಹೊರಗೆ ಮೆತ್ತಗಿನ ಬ್ರಶ್ಶಲ್ಲಿ ಒರೆಸಿ, ಬಿಸಿಲಿಗೆ ಇಟ್ರೆ ಬಣ್ಣ ಹೋಗುತ್ತೆ.

ನಾಪೋಕ್ಲು_ಹುಡುಗಿ:
ನಿನ್ನೆ ರಾತ್ರಿನೇ ಎಳೆದಾಯ್ತು. ಕರಡಿ ಮೂಗು ಈಗ ಎದುರು ಪುಟದಲ್ಲಿ ಮುದುಕಿ ಮುಖದ ಮೇಲಿದೆ. ಮಗಳು ನೋಡ್ಬಿಟ್ಳು, ಈ ಅಜ್ಜಿ ಕಥೆ ಹೇಳು ಅಂತ ಹಠ.

ಸೋಮವಾರಪೇಟೆ_ಬಾಲು:
ನಿಮ್ಗೆ ಮೂಗಾದ್ರೂ ಪುಸ್ತಕದೊಳಗೇ ಉಳೀತು. ನನ್ ಕತ್ತಿ ತುದಿ ಯಾವ ರದ್ದಿ ಅಂಗಡಿಲಿದ್ಯೋ.

ಗೋಣಿಕೊಪ್ಪ_ಮೆಣಸು:
ತಾತ, ಸುಟ್ಟ ಸುಣ್ಣದ ಕಲ್ಲೇ ತಂದು ನಾನೇ ನಿಂತು ಅರಳಿಸಿದ್ದು. ಸುಣ್ಣದ ಮೇಲೆ ಆರೋಪ ಹೊರಿಸ್ಬೇಡಿ.

ಭಾಗಮಂಡಲ_ತಾತ:
ಹೊಡ್ಯೋಕೆ ಮುಂಚೆ ಬ್ಲೇಡ್ ಅದ್ದಿ ನೋಡಿದ್ಯಾ? ಅದು ಕೆಂಪಾದ್ರೆ ಸುಣ್ಣ ಸಾಲದು ಅಂತ ಲೆಕ್ಕ. ಅದೊಂದು ಹೇಳು ಮೊದ್ಲು.