ಪದಚರ್ಚೆ: ‘ಸಫ್ರಜೆಟ್’ಗೆ ಕನ್ನಡದಲ್ಲಿ ಏನನ್ನೋಣ? (ಫಲಕಕ್ಕೆ ಬೇಕು, ತುರ್ತು)

ಶಿರಸಿಯಿಂದ:

ಎಲ್ಲರಿಗೂ ನಮಸ್ಕಾರ. ಇಲ್ಲಿನ ಕಾಲೇಜೊಂದರ ಪ್ರದರ್ಶನಕ್ಕೆ ಮಹಿಳೆಯರ ಮತದ ಹೋರಾಟದ ಮೇಲೆ ಆರು ಫಲಕ ಮಾಡಿಸುತ್ತಿದ್ದೇವೆ. ನಾಳೆ ಮಧ್ಯಾಹ್ನದೊಳಗೆ ಕಡತ ಫ್ಲೆಕ್ಸ್ ಅಂಗಡಿಗೆ ಹೋಗಬೇಕು. ಬ್ರಿಟನ್ನಿನಲ್ಲಿ ಹೆಂಗಸರ ಮತಕ್ಕಾಗಿ ಹೋರಾಡಿದ ಎರಡು ಬಣದವರ ಹೆಸರು ಸಫ್ರಜಿಸ್ಟ್, ಸಫ್ರಜೆಟ್. ಎರಡಕ್ಕೂ ಅನುವಾದದಲ್ಲಿ ‘ಮತದಾನ ಹೋರಾಟಗಾರ್ತಿ’ ಎಂದೇ ಇದೆ. ಎರಡನೇ ಫಲಕದ ವಿಷಯವೇ ಈ ಎರಡು ಬಣಗಳ ಭಿನ್ನಮತ, ಹಾಗಾಗಿ ಒಂದೇ ಪದ ನಡೆಯುವುದಿಲ್ಲ. ಮುಖ್ಯ ಶೀರ್ಷಿಕೆಗೆ ಮತದಾನ, ಮತಾಧಿಕಾರ, ಮತದ ಹಕ್ಕು ಇವುಗಳಲ್ಲಿ ಯಾವುದು? ಕೊನೆಯ ಫಲಕದಲ್ಲಿ ‘1950ರಲ್ಲಿ ಭಾರತದ ಮಹಿಳೆಯರಿಗೆ ಮತದಾನದ ಹಕ್ಕನ್ನು ನೀಡಲಾಯಿತು’ ಎಂಬ ವಾಕ್ಯವಿದೆ. ಅದನ್ನೂ ನೋಡಿ ಹೇಳಿ.

ಕುಮಟಾದಿಂದ:

ಅಕ್ಕೋರೇ, ‘ಮತದಾನ’ವನ್ನು ಶೀರ್ಷಿಕೆಯಿಂದ ಮೊದಲು ತೆಗೆಯಿರಿ. ಅದು ಕ್ರಿಯೆ, ಹಕ್ಕಲ್ಲ. ದಾನ ಎಂಬುದು ಕೊಡುವವನ ಮರ್ಜಿ. ಹೆಂಗಸರು ಬೀದಿಗಿಳಿದು ಕೇಳಿದ್ದು ದಾನ ಮಾಡುವ ಅವಕಾಶವನ್ನಲ್ಲ. ‘ಮತಾಧಿಕಾರ’ ಸರಿಯಾದ ಪದ, ಒಂದೇ ಪದ, ಫಲಕಕ್ಕೂ ಚಿಕ್ಕದು.

ಸಫ್ರಜಿಸ್ಟ್ ಎಂದರೆ ‘ಮತಾಧಿಕಾರವಾದಿ’. ಅವರಲ್ಲಿ ಗಂಡಸರೂ ಇದ್ದರು, ಆದ್ದರಿಂದ -ಗಾರ್ತಿ ಹಚ್ಚಬಾರದು. 1897ರಲ್ಲಿ ಮಿಲಿಸೆಂಟ್ ಫಾಸೆಟ್ ಮುಂದಾಳುತನದಲ್ಲಿ ಒಂದಾದ ಸಂಘಗಳು ಅರ್ಜಿ, ಸಭೆ, ಮಸೂದೆ ಇವುಗಳ ದಾರಿ ಹಿಡಿದವು. ಸಫ್ರಜೆಟ್ ಬೇರೆ. ಎಮ್ಮೆಲೀನ್ ಪ್ಯಾಂಕ್‌ಹರ್ಸ್ಟ್ 1903ರಲ್ಲಿ ಮ್ಯಾಂಚೆಸ್ಟರಿನಲ್ಲಿ ಕಟ್ಟಿದ ಸಂಘದವರಿಗೆ 1906ರಲ್ಲಿ ಡೈಲಿ ಮೇಲ್ ಪತ್ರಿಕೆ ಹಚ್ಚಿದ ಹೆಸರು ಅದು. ‘-ಎಟ್’ ಅಲ್ಪಾರ್ಥದ ಪ್ರತ್ಯಯ, ಸಿಗಾರ್–ಸಿಗರೆಟ್ ನೋಡಿ. ಹೀಯಾಳಿಸಲು ಹುಟ್ಟಿದ ಹೆಸರನ್ನು ಅವರೇ ಎತ್ತಿಕೊಂಡು 1912ರಲ್ಲಿ ತಮ್ಮ ಪತ್ರಿಕೆಗೆ ಇಟ್ಟರು. ಗಾಜು ಒಡೆದದ್ದು, ಜೈಲಿನಲ್ಲಿ ಉಪವಾಸ ಕೂತದ್ದು, ಮೂಗಿನ ನಳಿಕೆಯಿಂದ ಬಲವಂತವಾಗಿ ಉಣಿಸಿಕೊಂಡದ್ದು ಇವರು. ಹೀಗಿರುವಾಗ ಅದನ್ನು ಅನುವಾದಿಸಿದರೆ ಇತಿಹಾಸವೇ ಹೋಯಿತು. ‘ಸಫ್ರಜೆಟ್’ ಎಂದೇ ಇಟ್ಟು ಕೆಳಗೆ ಒಂದು ಸಾಲಿನ ವಿವರಣೆ ಕೊಡಿ.

ಅಂಕೋಲಾದಿಂದ:

ಮಾಸ್ತರೇ, ಸಫ್ರಜೆಟ್ ಬಗ್ಗೆ ಒಪ್ಪಿದೆ. ‘ಮತಾಧಿಕಾರ’ ಒಪ್ಪುವುದಿಲ್ಲ. ಹಿಂದಿಯಲ್ಲಿ ಅಧಿಕಾರ ಎಂದರೆ ಹಕ್ಕು. ಕನ್ನಡದಲ್ಲಿ ಅಧಿಕಾರ ಎಂದರೆ ತಹಶೀಲ್ದಾರರ ಕೈಯಲ್ಲಿ ಇರುವಂಥದ್ದು. ನಾವು ಮೂಲಭೂತ ಹಕ್ಕು ಎನ್ನುತ್ತೇವೆ, ಮಾನವ ಹಕ್ಕು ಎನ್ನುತ್ತೇವೆ, ಮಾಹಿತಿ ಹಕ್ಕು ಎನ್ನುತ್ತೇವೆ. ಮತಕ್ಕೆ ಬಂದಾಗ ಮಾತ್ರ ಅಧಿಕಾರ ಯಾಕೆ? ‘ಮತಹಕ್ಕು’ ಎನ್ನಿ. ಅಚ್ಚಗನ್ನಡ ಪದ ಇರುವಾಗ ಸಂಸ್ಕೃತಕ್ಕೆ ಕೈಚಾಚುವ ಚಟ ಯಾವಾಗ ಬಿಡುತ್ತದೋ.

ಕುಮಟಾದಿಂದ:

ಹಕ್ಕು ಅಚ್ಚಗನ್ನಡವಲ್ಲ, ಅರಬ್ಬಿ. ‘ಮತ’ ಸಂಸ್ಕೃತ. ‘ಮತಹಕ್ಕು’ ಅರಿಸಮಾಸ, ಅಂದರೆ ಸಂಸ್ಕೃತ ಪದಕ್ಕೆ ಬೇರೆ ಭಾಷೆಯ ಪದ ಬೆಸೆದ ದೋಷ. ವ್ಯಾಕರಣಕಾರ ಕೇಶಿರಾಜ ರಿಯಾಯಿತಿ ಕೊಟ್ಟದ್ದು ಬಿರುದಾವಳಿಗೆ, ಫ್ಲೆಕ್ಸಿಗಲ್ಲ.

ಅಂಕೋಲಾದಿಂದ:

‘ಮಾಹಿತಿ ಹಕ್ಕು’ ಸರ್ಕಾರಿ ಕಾಯ್ದೆಯ ಹೆಸರು. ಹೋಗಿ ಅದನ್ನು ತಿದ್ದಿಸಿ ಬನ್ನಿ. ನಿಮ್ಮ ‘ಮತದಾರ’ದಲ್ಲಿರುವ ‘-ದಾರ’ ಪಾರಸಿ, ಪಾಲುದಾರ, ಜಮೀನುದಾರ ಇದ್ದ ಹಾಗೆ. ದಾನದಿಂದ ಬಂದದ್ದಲ್ಲ. ಅದನ್ನು ಯಾವ ಸೂತ್ರದಡಿ ಬಿಟ್ಟುಕೊಂಡಿರಿ? ನೂರು ವರ್ಷ ಜನರ ಬಾಯಲ್ಲಿ ತಿರುಗಿದ ಪದ ಕನ್ನಡದ್ದೇ. ಹಕ್ಕು ಹಾಗೆ ತಿರುಗಿದೆ. ನಿಮ್ಮ ಅರ್ಥದ ‘ಅಧಿಕಾರ’ ತಿರುಗಿಲ್ಲ.

ಹೊನ್ನಾವರದಿಂದ:

ನಮ್ಮಲ್ಲಿ ಯಾರೂ ಮತ ಚಲಾಯಿಸುವುದಿಲ್ಲ, ಓಟು ಹಾಕುತ್ತಾರೆ. ಓಟಿನ ಮೂಲ ಲ್ಯಾಟಿನ್ ‘ವೋಟುಮ್’, ಅಂದರೆ ಹರಕೆ. ಹರಕೆ, ಸಂಕಲ್ಪ, ಇಚ್ಛೆ ಎಂಬ ಅರ್ಥಸರಣಿಯನ್ನು ಹಿಡಿದರೆ ‘ಓಟಿನ ಹಕ್ಕು’ ಎಂಬುದಕ್ಕೆ ‘ಮತ’ಕ್ಕಿಂತ ಆಳವಿದೆ. ‘ಮತ’ ಎಂದ ಕೂಡಲೇ ಅರ್ಧ ಜನರಿಗೆ ಜಾತಿ-ಮತ ನೆನಪಾಗುತ್ತದೆ.

ಕುಮಟಾದಿಂದ:

ನಾಳೆ ಮಧ್ಯಾಹ್ನಕ್ಕೆ ಫಲಕ ಬೇಕು. ಹರಕೆ ಆಮೇಲೆ ಒಪ್ಪಿಸೋಣ.

ಕಾರವಾರದಿಂದ:

ಪದಕ್ಕಿಂತ ದೊಡ್ಡ ತಪ್ಪು ಕೊನೆಯ ಫಲಕದಲ್ಲಿದೆ, ಯಾರೂ ಮುಟ್ಟಿಲ್ಲ. ‘ನೀಡಲಾಯಿತು’ ಮಾತ್ರವಲ್ಲ, ಇಸವಿಯೂ ಸರಿಯಿಲ್ಲ.

1917ರ ಡಿಸೆಂಬರಿನಲ್ಲಿ ಸರೋಜಿನಿ ನಾಯ್ಡು ಮುಂದಾಳುತನದ ನಿಯೋಗ ಮದರಾಸಿನಲ್ಲಿ ಬ್ರಿಟಿಷ್ ಸರ್ಕಾರದ ಭಾರತ ಸಚಿವ ಮಾಂಟೆಗು ಅವರನ್ನು ಕಂಡು ಈ ಬೇಡಿಕೆ ಇಟ್ಟಿತು. 1919ರ ಕಾಯ್ದೆ ತಾನು ತೀರ್ಮಾನಿಸದೆ ಪ್ರಾಂತಗಳ ಶಾಸನಸಭೆಗೆ ಬಿಟ್ಟುಬಿಟ್ಟಿತು. 1921ರಲ್ಲಿ ಮದರಾಸು, ಅದೇ ವರ್ಷ ಮುಂಬೈ ಶಾಸನಸಭೆ ಹೆಣ್ಣೆಂಬ ಅಡ್ಡಿಯನ್ನು ತೆಗೆದವು. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಿಂದ ಮುಂಬೈ ಪ್ರಾಂತದಲ್ಲಿತ್ತು, ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿದಿತ್ತು. ಆದ್ದರಿಂದ ಕಾರವಾರ, ಶಿರಸಿಯ ಹೆಂಗಸರಿಗೆ ಅನ್ವಯಿಸಿದ್ದು ಮುಂಬೈ ನಿರ್ಣಯ. ಶಿರಸಿಯಲ್ಲಿ ಇಡುವ ಫಲಕದಲ್ಲಿ ಇದು ಇರಲೇಬೇಕು.

ಆದರೆ ತೆಗೆದದ್ದು ಲಿಂಗದ ಅಡ್ಡಿ ಮಾತ್ರ. ಕಂದಾಯ, ತೆರಿಗೆ, ಆಸ್ತಿಯ ಅರ್ಹತೆ ಹಾಗೆಯೇ ಉಳಿಯಿತು. ಖಾತೆ ಗಂಡನ ಹೆಸರಿನಲ್ಲಿದ್ದರೆ ಹೆಂಡತಿ ಪಟ್ಟಿಯಲ್ಲಿಲ್ಲ. 1935ರ ಕಾಯ್ದೆ ಅರ್ಹ ಗಂಡನ ಹೆಂಡತಿ, ವಿಧವೆ, ಓದುಬರಹ ಬಲ್ಲವಳು ಎಂದು ಬಾಗಿಲನ್ನು ಸ್ವಲ್ಪ ತೆರೆಯಿತು. ಆಸ್ತಿಯ ಷರತ್ತು ಪೂರ್ತಿ ಬಿದ್ದದ್ದು ಸಂವಿಧಾನದ 326ನೇ ವಿಧಿಯಿಂದ, ಹೆಣ್ಣಿಗೂ ಗಂಡಿಗೂ ಒಟ್ಟಿಗೇ. ಅದಕ್ಕೆ ಹೆಸರು ‘ಸಾರ್ವತ್ರಿಕ ವಯಸ್ಕ ಮತದಾನ ಪದ್ಧತಿ’. ಪಠ್ಯಪುಸ್ತಕದ ಪದ, ಅಲ್ಲಿ ‘ದಾನ’ ಬೇಡ ಎಂದು ಹಟ ಮಾಡಬೇಡಿ. ಆಗ 21 ವರ್ಷ, 1989ರಿಂದ 18.

ಹಕ್ಕು ಬಂದರೂ ಪಟ್ಟಿ ಬರಲಿಲ್ಲ ಎಂಬುದನ್ನೂ ಸೇರಿಸಿ. 1951–52ರ ಮೊದಲ ಚುನಾವಣೆಗೆ ಪಟ್ಟಿ ಮಾಡುವಾಗ ಅನೇಕ ಹೆಂಗಸರು, ಹೆಚ್ಚಾಗಿ ಉತ್ತರದ ರಾಜ್ಯಗಳಲ್ಲಿ, ‘ಇಂಥವರ ಹೆಂಡತಿ’, ‘ಇಂಥವರ ಮಗಳು’ ಎಂದೇ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಸ್ವಂತ ಹೆಸರಿಲ್ಲದೆ ಒಪ್ಪಲಿಲ್ಲ. ಸುಮಾರು 28 ಲಕ್ಷ ಹೆಂಗಸರು ಪಟ್ಟಿಯಿಂದ ಹೊರಗುಳಿದರು.

ಇನ್ನೊಂದು: ಓಟು ಹಾಕುವ ಹಕ್ಕು, ಉಮೇದುವಾರಿಕೆಯ ಹಕ್ಕು ಎರಡನ್ನೂ ಒಂದೇ ಪದದಲ್ಲಿ ಕಲಸಬೇಡಿ. ನ್ಯೂಜಿಲೆಂಡಿನಲ್ಲಿ ಮೊದಲನೆಯದು 1893ಕ್ಕೆ, ಎರಡನೆಯದು 1919ಕ್ಕೆ. ಫಿನ್ಲೆಂಡಿನಲ್ಲಿ ಎರಡೂ 1906ಕ್ಕೆ. ‘ಮತಾಧಿಕಾರ’ ಎಂದರೆ ಓದುಗರು ಎರಡನ್ನೂ ಹಿಡಿದಾರು. ಈ ಕಾರಣಕ್ಕೆ ನನ್ನ ಓಟು ‘ಮತದ ಹಕ್ಕು’ಗೆ. ಷಷ್ಠಿ ಬಿಡಿಸಿಟ್ಟರೆ ಅರಿಸಮಾಸದ ಗೊಡವೆಯೂ ಇಲ್ಲ.

ಶಿರಸಿಯಿಂದ:

ಉಪಕಾರವಾಯಿತು. ಶೀರ್ಷಿಕೆ ‘ಮತದ ಹಕ್ಕು: ಮಹಿಳೆಯರ ಹೋರಾಟ’. ಎರಡನೇ ಫಲಕದಲ್ಲಿ ‘ಮತಹಕ್ಕುವಾದಿ’ ಎನ್ನಲೇ? 1918ಕ್ಕೆ ‘ಬ್ರಿಟನ್ನಿನ ಮಹಿಳೆಯರು ಮತದ ಹಕ್ಕು ಪಡೆದರು’ ಸಾಕೇ?

ಕಾರವಾರದಿಂದ:

ಸಾಲದು. 1918ರಲ್ಲಿ ಪಡೆದದ್ದು 30 ವರ್ಷ ತುಂಬಿದವರು, ಅದೂ ತಮ್ಮದೋ ಗಂಡನದೋ ಆಸ್ತಿಯ ಅರ್ಹತೆ ಇದ್ದವರು. ಗಂಡಸರಿಗೆ 21 ಇತ್ತು. ಸಮಾನವಾದದ್ದು 1928ರಲ್ಲಿ. ಎರಡು ಇಸವಿಯನ್ನೂ ಹಾಕಿ, ನಡುವೆ ‘ವಿಸ್ತರಣೆ’ ಎಂಬ ಪದ ಬರಲಿ.

ಕುಮಟಾದಿಂದ:

‘ಮತಹಕ್ಕುವಾದಿ’ ಬೇಡವೇ ಬೇಡ. ಎರಡು ಭಾಷೆ ಒಂದು ಪದದಲ್ಲಿ. ಆ ಒಂದು ಜಾಗದಲ್ಲಿ ‘ಮತಾಧಿಕಾರವಾದಿ’ ಇರಲಿ, ಶೀರ್ಷಿಕೆ ನಿಮ್ಮಿಷ್ಟ. ‘ಸಫ್ರಜೆಟ್’ನಲ್ಲಿ ಫ ಅಕ್ಷರದ ಕೆಳಗೆ ಚುಕ್ಕೆ ಹಾಕಲು ಹೋಗಬೇಡಿ. ಎಷ್ಟೋ ಫಾಂಟುಗಳಲ್ಲಿ ಚುಕ್ಕೆ ಒತ್ತಕ್ಷರದ ಮೇಲೆ ಕೂತು ಕಪ್ಪು ಕಲೆಯಾಗುತ್ತದೆ. ಕಡತ ‘ನುಡಿ’ ತಂತ್ರಾಂಶದಿಂದ ಯೂನಿಕೋಡಿಗೆ ಬದಲಾಗಿದ್ದರೆ ‘ಹೋರಾಟಗಾರ್ತಿ’, ‘ಸಾರ್ವತ್ರಿಕ’, ‘ಅರ್ಹತೆ’ ಈ ಮೂರರ ಅರ್ಕಾವತ್ತು ನೋಡಿಕೊಳ್ಳಿ. ಜಾಗ ತಪ್ಪುವುದು ಅಲ್ಲೇ. ಅಂಗಡಿಗೆ ಪಿಡಿಎಫ್ ಕೊಡಿ, ಅವರ ಗಣಕದಲ್ಲಿ ಅಕ್ಷರ ತೆರೆಯಲು ಬಿಡಬೇಡಿ.

ಅಂಕೋಲಾದಿಂದ:

ಐದನೇ ಫಲಕದಲ್ಲಿ ‘ಮತದಾರಳು’ ಎಂದಿದೆಯಂತೆ. ‘ಮತದಾರರು’ ಮಾಡಿ. -ಅರು ಬಹುವಚನ ಗಂಡು ಹೆಣ್ಣು ಇಬ್ಬರಿಗೂ ಸಲ್ಲುತ್ತದೆ. ‘ಅಧಿಕಾರ’ದ ಮಾತು ಇಲ್ಲಿಗೆ ಮುಗಿದಿಲ್ಲ, ಮಾಸ್ತರೇ.