ಸಹಾಯ ಬೇಕು: ಪ್ಲೂಟೊ ಯಾಕೆ ಗ್ರಹ ಅಲ್ಲ ಅಂತ ಮಗುವಿಗೆ ಹೇಗೆ ಹೇಳೋದು?

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಒಂಬತ್ತು ವರ್ಷ. ರಟ್ಟಿನ ಮೇಲೆ ಸೌರಮಂಡಲ ಮಾಡುತ್ತಿದ್ದಾಳೆ. ಎಂಟು ಗ್ರಹ ಅಂಟಿಸಿ ಆಯಿತು. ಪ್ಲೂಟೊಗೆ ಅಂತ ಮಾಡಿದ ಮಣ್ಣಿನ ಪುಟ್ಟ ಉಂಡೆ ಇನ್ನೂ ಅವಳ ಅಂಗೈಯಲ್ಲೇ ಇದೆ. "ಅದು ಎಲ್ಲೂ ಹೋಗಿಲ್ಲ ಅಲ್ವಾ, ಮತ್ತೆ ಪಟ್ಟಿಯಿಂದ ಯಾಕೆ ತೆಗೆದರು?" ಅಂತ ಕೇಳುತ್ತಿದ್ದಾಳೆ.

2005ರಲ್ಲಿ ಎರಿಸ್ ಅನ್ನೋ ಆಕಾಶಕಾಯ ಸಿಕ್ಕಿದ್ದು, ಅದು ಹೆಚ್ಚುಕಮ್ಮಿ ಪ್ಲೂಟೊದಷ್ಟೇ ದೊಡ್ಡದು, ತೂಕದಲ್ಲಿ ಇನ್ನೂ ಜಾಸ್ತಿ ಅಂತ ಹೇಳಿದೆ. ಮಂಗಳ, ಗುರುಗಳ ನಡುವೆ 1801ರಲ್ಲಿ ಸಿಕ್ಕ ಸೆರೆಸ್ ಅನ್ನೋ ಪುಟ್ಟ ಕಾಯ ಕೂಡ ಎಷ್ಟೋ ವರ್ಷ ಗ್ರಹ ಅನ್ನಿಸಿಕೊಂಡು ಆಮೇಲೆ ಪಟ್ಟಿಯಿಂದ ಹೊರಬಿತ್ತು ಅಂದೆ. ಅದು ಅವಳಿಗೆ ತುಂಬಾ ಹಿಡಿಸಿತು.

ತೊಡಕಾಗಿರೋದು, ಯಾವುದನ್ನು ಗ್ರಹ ಅನ್ನಬೇಕು ಅಂತ ಖಗೋಳ ವಿಜ್ಞಾನಿಗಳ ಅಂತರರಾಷ್ಟ್ರೀಯ ಒಕ್ಕೂಟ ಮಾಡಿದ 2006ರ ನಿಯಮದಲ್ಲಿ. ಸೂರ್ಯನ ಸುತ್ತ ತಿರುಗಬೇಕು, ದುಂಡಗಿರಬೇಕು, ಇವೆರಡೂ ಸುಲಭ. ಮೂರನೆಯದು, ತನ್ನ ದಾರಿಯ ಸುತ್ತಮುತ್ತ ಬೇರೆ ಕಾಯಗಳಿಲ್ಲದಂತೆ ಚೊಕ್ಕ ಮಾಡಿಕೊಂಡಿರಬೇಕು ಅನ್ನೋದು; ಪ್ಲೂಟೊ ಸೋತಿದ್ದು ಇದರಲ್ಲೇ. ಹಾಗಾದರೆ ಗುರುವಿನ ದಾರಿಯಲ್ಲೇ ಟ್ರೋಜನ್ ಅಂತ ಕರೆಯುವ ಸಾವಿರಾರು ಕ್ಷುದ್ರಗ್ರಹಗಳಿವೆಯಲ್ಲ! ಅವು ಗುರುವಿನ ಹಿಡಿತದಲ್ಲೇ ಇವೆ ಅಂದರೆ ಅವಳಿಗೆ ಸಾಲದು. ಕಣ್ಣಿಗೆ ಕಾಣುವ ಹಾಗೆ, ಗೋಲಿ, ಮರಳು ಇಟ್ಟುಕೊಂಡು ತೋರಿಸುವ ಉಪಾಯ ಯಾರಾದರೂ ಮಾಡಿದ್ದೀರಾ?

ಇನ್ನೊಂದು ಪ್ರಶ್ನೆ. ಈ ನಿಯಮ ನಮ್ಮ ಸೂರ್ಯನ ಸುತ್ತ ಇರುವವಕ್ಕೆ ಮಾತ್ರ. 1995ರಲ್ಲಿ ಸಿಕ್ಕ 51 ಪೆಗಾಸಿ ಬಿ ಬೇರೆ ನಕ್ಷತ್ರದ್ದು, ಅಲ್ಲಿ ವರ್ಷ ಅಂದರೆ ಸುಮಾರು ನಾಲ್ಕೇ ದಿನ. ಯಾವ ನಕ್ಷತ್ರವೂ ಇಲ್ಲದೆ ಒಂಟಿಯಾಗಿ ತೇಲುವಂಥವೂ ಇವೆ. ಅವನ್ನೂ ಗ್ರಹ ಅಂತಲೇ ಕರೆಯಬೇಕಾ? ನೀವೇನಂತೀರಿ? ಖಗೋಳ ಪಾಠ ಮಾಡುವವರು ದಯವಿಟ್ಟು ಬರೆಯಿರಿ. ಅಲ್ಲಿವರೆಗೂ ಆ ಉಂಡೆಯನ್ನು ಅಂಟಿಸಲ್ಲ ಅಂತಿದ್ದಾಳೆ.